ಅರವತ್ತು ಜನರ ಮೀಟಿಂಗ್‌ಗೆ ಯಾವ ದ್ವೀಪ? ಅಂಡಮಾನ್, ಲಕ್ಷದ್ವೀಪ, ಶ್ರೀಲಂಕಾ, ಮಾಲ್ಡೀವ್ಸ್ ಪಕ್ಕಪಕ್ಕದಲ್ಲಿ

ವಿಮಾನ ಇಳಿದ ಮೇಲೆ ರೆಸಾರ್ಟ್ ಮುಟ್ಟಲು ಕೊನೆಗೆ ಹತ್ತುವ ವಾಹನದಲ್ಲಿ ಎಷ್ಟು ಸೀಟಿವೆ? ದ್ವೀಪದಲ್ಲಿ ಸೇಲ್ಸ್ ಮೀಟ್ ಅಥವಾ ಡೀಲರ್ ಮೀಟ್ ಇಡಲು ಹೊರಟವರು ಮೊದಲು ಕೇಳಬೇಕಾದ್ದು ಇದನ್ನೇ. ನೀಲಿ ನೀರಿನ ಫೋಟೊ ನಾಲ್ಕೂ ಕಡೆ ಚೆನ್ನಾಗಿಯೇ ಬರುತ್ತದೆ. ಕಾರ್ಯಕ್ರಮ ಕೆಡುವುದು ಆ ಕೊನೆಯ ಐವತ್ತು ಕಿಲೋಮೀಟರಿನಲ್ಲಿ.

ಹೋಲಿಕೆಗೆ ಒಂದೇ ಲೆಕ್ಕ ಇಟ್ಟುಕೊಂಡಿದ್ದೇವೆ: ಬೆಂಗಳೂರಿನಿಂದ ಹೊರಡುವ 60 ಜನ, ಮೂರು ರಾತ್ರಿ, ಒಂದೂವರೆ ದಿನದ ಮೀಟಿಂಗ್, ಒಂದು ಸಂಜೆ ಬಹುಮಾನ ವಿತರಣೆ ಮತ್ತು ಊಟ. ಅರವತ್ತರಲ್ಲಿ ಅರ್ಧ ಕಂಪನಿಯವರು, ಅರ್ಧ ದಾವಣಗೆರೆ, ಗಂಗಾವತಿ, ಹಾವೇರಿ ಕಡೆಯ ಡೀಲರ್‌ಗಳು. ಅಂದರೆ ಸಸ್ಯಾಹಾರಿಗಳು ಬಹಳ, ಐವತ್ತು ದಾಟಿದವರು ಬಹಳ, ಪಾಸ್‌ಪೋರ್ಟ್ ಇಲ್ಲದವರೂ ಇರುತ್ತಾರೆ.

ಅಂಡಮಾನ್

ಪಾಸ್‌ಪೋರ್ಟ್ ಬೇಡ ಅನ್ನುವ ಒಂದೇ ಕಾರಣಕ್ಕೆ ಡೀಲರ್ ಮೀಟ್ ವಿಷಯದಲ್ಲಿ ಅಂಡಮಾನ್ ಅರ್ಧ ಗೆದ್ದಂತೆಯೇ. ಆಧಾರ್ ಅಥವಾ ವೋಟರ್ ಐಡಿ ಸಾಕು. ಬೆಂಗಳೂರಿನಿಂದ ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ. 2023ರ ಜುಲೈನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾದ ಮೇಲೆ ಗುಂಪಿನ ಲಗೇಜಿನ ಪರದಾಟ ಕಡಿಮೆಯಾಗಿದೆ. ಊರಿನ ಹೆಸರುಗಳು ಮಾತ್ರ ಗೊಂದಲ ಎಬ್ಬಿಸುತ್ತವೆ. ವಿಮಾನ ಇಳಿಯುವ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹ್ಯಾವ್ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಈಗ ಶಹೀದ್ ದ್ವೀಪ. ಟಿಕೆಟ್ಟಿನಲ್ಲಿ ಒಂದು ಹೆಸರು, ಟ್ಯಾಕ್ಸಿಯವರ ಬಾಯಲ್ಲಿ ಇನ್ನೊಂದು. ಕಾರ್ಯಕ್ರಮದ ಪಟ್ಟಿಯಲ್ಲಿ ಎರಡನ್ನೂ ಅಚ್ಚು ಹಾಕಿಸಿದರೆ ಹತ್ತಿಪ್ಪತ್ತು ಫೋನ್ ಕರೆ ಉಳಿಯುತ್ತವೆ.

ಎಲ್ಲರಿಗೂ ಬೇಕಾಗಿರುವುದು ಹ್ಯಾವ್ಲಾಕ್. ಅಲ್ಲಿಗೆ ಖಾಸಗಿ ವೇಗದ ಫೆರ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ. ಅರವತ್ತೂ ಜನ ಒಂದೇ ಫೆರ್ರಿಯಲ್ಲಿ ಹಿಡಿಯುತ್ತಾರೆ, ಅದು ದೊಡ್ಡ ಅನುಕೂಲ. ಆದರೆ ಟಿಕೆಟ್ ಹೆಸರು ಹೆಸರಿಗೆ. ಗುರುತಿನ ಚೀಟಿಯಲ್ಲಿರುವ ಹೆಸರೇ ಟಿಕೆಟ್ಟಿನಲ್ಲೂ ಇರಬೇಕು. 'ಎಸ್. ಬಸವರಾಜಪ್ಪ' ಅಂತ ಡೀಲರ್ ಪಟ್ಟಿಯಲ್ಲಿದ್ದವರು ಆಧಾರಿನಲ್ಲಿ ಬೇರೆಯೇ ಆಗಿರುತ್ತಾರೆ. ಹಾಗಾಗಿ ಹೆಸರು ಕೇಳಬೇಡಿ, ಕಾರ್ಡಿನ ಫೋಟೊವನ್ನೇ ತರಿಸಿಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ಫೆರ್ರಿ ಹೊರಡುವ ಒಂದು ಗಂಟೆ ಮೊದಲೇ ಕೊಡಬೇಕು. ಅಲೆ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತೂಗಾಟ ಹೆಚ್ಚು ತಡೆಯಲಾರದವರಿಗೆ ಕೆಳಗಿನ ಡೆಕ್ಕಿನ ನಡುಭಾಗ ವಾಸಿ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದೇ: ಕೊನೆಯ ರಾತ್ರಿ ಹ್ಯಾವ್ಲಾಕ್‌ನಲ್ಲಿ ತಂಗಿ, ಬೆಳಗಿನ ಫೆರ್ರಿ ಹಿಡಿದು, ಅದೇ ದಿನದ ವಿಮಾನಕ್ಕೆ ಓಡುವುದು. ಗಾಳಿ ಎದ್ದರೆ ಫೆರ್ರಿ ಬಿಡುವುದಿಲ್ಲ, ವಿಮಾನ ಕಾಯುವುದಿಲ್ಲ. ಅರವತ್ತು ಜನರಿಗೆ ಮರುದಿನ ಒಟ್ಟಿಗೆ ಸೀಟು ಸಿಗುವ ಮಾತೇ ಇಲ್ಲ. ಮೊದಲ ರಾತ್ರಿಯೂ ಕೊನೆಯ ರಾತ್ರಿಯೂ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. ಹಾಗೆ ಲೆಕ್ಕ ಹಾಕಿದರೆ ಹ್ಯಾವ್ಲಾಕ್‌ನಲ್ಲಿ ಎರಡು ರಾತ್ರಿ ಬೇಕೆನ್ನುವವರಿಗೆ ಒಟ್ಟು ನಾಲ್ಕು ರಾತ್ರಿ ತಗಲುತ್ತದೆ. ಮೂರೇ ರಾತ್ರಿ ಅಂದರೆ ಮೀಟಿಂಗ್ ಪೋರ್ಟ್ ಬ್ಲೇರ್‌ನಲ್ಲಿ ಮುಗಿಸಿ, ನಡುವಿನ ಒಂದು ದಿನ ಹ್ಯಾವ್ಲಾಕ್‌ಗೆ ಹೋಗಿಬರುವುದೇ ಸರಿ.

ಇನ್ನೊಂದು ಸಂಗತಿ ಗಡಿಯಾರದ್ದು. ಅಂಡಮಾನ್ ನಮಗಿಂತ ಎಷ್ಟೋ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿಯಾಗಿರುತ್ತದೆ. ಬೆಂಗಳೂರಿನ ಅಭ್ಯಾಸದಂತೆ ಹತ್ತಕ್ಕೆ ಶುರುಮಾಡಿ ಐದಕ್ಕೆ ಮುಗಿಸಿದರೆ ಜನ ಬಂದು ನೋಡುವುದು ಕತ್ತಲೆಯ ಸಮುದ್ರವನ್ನು. ಏಳೂವರೆಗೆ ಮೀಟಿಂಗ್ ಶುರು, ಹನ್ನೆರಡೂವರೆಗೆ ಊಟ, ಎರಡೂವರೆಯಿಂದ ನೀರಿನ ಆಟ, ಏಳಕ್ಕೆ ಬಹುಮಾನ. ಅಲ್ಲಿ ಇದೇ ಕ್ರಮ ಹೊಂದುವುದು.

ಬೀಚ್ ಡಿನ್ನರ್ ಬಯಸುವವರು ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಬುಕಿಂಗ್‌ಗೆ ಮೊದಲೇ ನೋಡಬೇಕು. ಹ್ಯಾವ್ಲಾಕ್‌ನ ಪೂರ್ವದ ವಿಜಯನಗರ ಬದಿಯಲ್ಲಿ ಇಳಿತದ ಹೊತ್ತಿಗೆ ನೀರು ದೂರ ಸರಿದು ಹವಳದ ಬಂಡೆ ಬಯಲಾಗುತ್ತದೆ, ಈಜುವ ಹಾಗಿಲ್ಲ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನ ಉಬ್ಬರದಲ್ಲಿ ಮಧ್ಯಾಹ್ನ ಮೇಜು ಹಾಕಿದ್ದ ಮರಳು ರಾತ್ರಿ ನೀರೊಳಗಿರುತ್ತದೆ. ವೇದಿಕೆಯ ಹಿಂದೆ ಫ್ಲೆಕ್ಸ್ ಬೇಡವೇ ಬೇಡ. ಕಡಲ ಗಾಳಿಗೆ ಅದು ಹಾಯಿಯಂತೆ ಉಬ್ಬಿ ಚೌಕಟ್ಟನ್ನೇ ಕೆಡವುತ್ತದೆ. ಗಾಳಿ ತೂರಿಹೋಗುವ ಜಾಲರಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಚೌಕಟ್ಟಿನ ಬುಡಕ್ಕೆ ಮರಳಿನ ಚೀಲ ಹೇರಿಸಿ.

ಇಂಟರ್ನೆಟ್ ಈಗ ಹಿಂದಿನಷ್ಟು ಕೆಟ್ಟದಾಗಿಲ್ಲ. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದಿದ್ದು, ಹ್ಯಾವ್ಲಾಕ್‌ಗೂ ಮುಟ್ಟಿದೆ. ಆದರೂ ವಿಡಿಯೊ ಇರುವ ಪ್ರೆಸೆಂಟೇಷನ್ ಲ್ಯಾಪ್‌ಟಾಪಿನಲ್ಲೂ ಪೆನ್‌ಡ್ರೈವಿನಲ್ಲೂ ಇರಲಿ. ಹವೆಗೆ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ಹಾಲ್ ವಿಷಯದಲ್ಲಿ ಒಂದು ಮಾತು, ಇದು ನಾಲ್ಕೂ ದ್ವೀಪಗಳಿಗೆ ಸಲ್ಲುತ್ತದೆ. ಹೋಟೆಲಿನವರು 'ನೂರು ಜನ ಹಿಡಿಯುತ್ತಾರೆ' ಅನ್ನುವುದು ಸಾಲು ಕುರ್ಚಿಯ ಲೆಕ್ಕ: ತಲೆಗೆ ಸುಮಾರು 10 ಚದರ ಅಡಿ. ದುಂಡು ಮೇಜು ಹಾಕಿದರೆ 18ರಿಂದ 20 ಬೇಕು, ವೇದಿಕೆ ಮತ್ತು ಪರದೆಗೆ 200 ಬೇರೆ. ಅರವತ್ತು ಜನಕ್ಕೆ 1,400 ಚದರ ಅಡಿ ಅಂತಾಯಿತು. ಉದ್ದ, ಅಗಲ, ಚಾವಣಿಯ ಎತ್ತರ ಎಷ್ಟು, ನಡುವೆ ಕಂಬ ಇದೆಯೇ, ಇಷ್ಟನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಲಕ್ಷದ್ವೀಪ

ನಾಲ್ಕರಲ್ಲಿ ಅತಿ ಚಂದದ ನೀರು ಇಲ್ಲಿನದೇ, ಅದರಲ್ಲಿ ನಮಗೆ ಎರಡನೇ ಮಾತಿಲ್ಲ. ಕನ್ನಡನಾಡಿಗೆ ಹಳೆಯ ನಂಟೂ ಉಂಟು: ಅಮಿನಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು, ಮಂಗಳೂರಿನ ಹಳೇ ಬಂದರಿನಿಂದ ಸರಕು ಹೊತ್ತ ಮಂಜಿ ದೋಣಿಗಳು ಅಲ್ಲಿಗೆ ಹೋಗುತ್ತಿದ್ದವು.

ಆದರೆ ಅರವತ್ತು ಜನಕ್ಕೆ ಬೇಡ. ವಿಮಾನ ಇಳಿಯುವ ಅಗತ್ತಿ ದ್ವೀಪದ ರನ್‌ವೇ ಸುಮಾರು 1,200 ಮೀಟರ್ ಅಷ್ಟೇ, ಎಟಿಆರ್‌ನಂಥ ಸಣ್ಣ ವಿಮಾನ ಮಾತ್ರ ಇಳಿಯುತ್ತದೆ. ಗುಂಪು ಎರಡು-ಮೂರು ದಿನಕ್ಕೆ ಹರಿದು ಹಂಚಿಹೋಗುತ್ತದೆ. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪಕ್ಕೆ ತಕ್ಕಂತೆ ಹದಿನಾಲ್ಕು ಗಂಟೆಯ ಮೇಲೆ. ಪ್ರತಿಯೊಬ್ಬರಿಗೂ ಪ್ರವೇಶ ಪರವಾನಗಿ ಬೇಕು; ಒಬ್ಬರ ಕಾಗದ ತಡವಾದರೆ ಆ ಒಬ್ಬರು ಉಳಿದಂತೆಯೇ. ಬಂಗಾರಂ ದ್ವೀಪ ಬಿಟ್ಟು ಉಳಿದೆಡೆ ಮದ್ಯ ನಿಷೇಧ. ಹದಿನೈದು-ಇಪ್ಪತ್ತು ಜನರ ಆಡಳಿತ ಮಂಡಳಿ ಎರಡು ದಿನ ಫೋನ್ ಬದಿಗಿಟ್ಟು ಕೂತು ಮಾತಾಡಬೇಕೆಂದರೆ ಬಂಗಾರಂಗೆ ಸಾಟಿ ಇಲ್ಲ. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ಆ ಯೋಚನೆಯೂ ಬೇಡ.

ಶ್ರೀಲಂಕಾ

ಇದನ್ನು ದ್ವೀಪವೆಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದೇ ಇದರ ಲಾಭ. ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟ. ಕೊನೆಯ ವಾಹನ ಬಸ್ಸು. ದೋಣಿ ಇಲ್ಲ, ಅಲೆ ಇಲ್ಲ. ಅರವತ್ತು ಜನಕ್ಕೆ ಒಂದು ದೊಡ್ಡ ಬಸ್ಸು, ಒಂದು 25 ಸೀಟಿನದು, ಲಗೇಜಿಗೆ ಬೇರೆ ವ್ಯಾನು. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ. ರಾತ್ರಿ ತಡವಾಗಿ ಇಳಿಯುವ ಗುಂಪಿಗೆ ಪಕ್ಕದ ನೆಗೊಂಬೊ, ಹಗಲಲ್ಲಿ ಇಳಿದರೆ ಎಕ್ಸ್‌ಪ್ರೆಸ್‌ವೇ ಹಿಡಿದು ಬೆಂಟೋಟ. ಗಡಿಯಾರ ನಮ್ಮದೇ ಸಮಯ ತೋರಿಸುತ್ತದೆ, ಆದ್ದರಿಂದ ಬೆಂಗಳೂರಿನ ಕಚೇರಿಯೊಂದಿಗಿನ ಕಾಲ್‌ಗಳೂ ತಪ್ಪುವುದಿಲ್ಲ. ಐನೂರು, ಸಾವಿರ ಜನರ ಸಭೆಯಾದರೂ ಕೊಲಂಬೊ ತಡೆದುಕೊಳ್ಳುತ್ತದೆ. ಚೀನಾದ ನೆರವಿನಿಂದ ಕಟ್ಟಿ 1973ರಲ್ಲಿ ತೆರೆದ ಬಂಡಾರನಾಯಕೆ ಸ್ಮಾರಕ ಸಮ್ಮೇಳನ ಭವನ ಇಂದಿಗೂ ಅಂಥ ಸಭೆಗಳಿಗೆ ಒದಗುತ್ತದೆ.

ಮಳೆಯನ್ನು ಇಲ್ಲಿ ಜಾಣತನದಿಂದ ತಪ್ಪಿಸಬಹುದು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಕರಾವಳಿ, ಅಂದರೆ ಬೆಂಟೋಟ, ಗಾಲೆ ಕಡೆ, ತೊಯ್ದಿರುತ್ತದೆ. ಅದೇ ತಿಂಗಳಲ್ಲಿ ಪೂರ್ವದ ತ್ರಿಂಕೋಮಲಿ, ಪಾಸಿಕುಡಾ ಒಣಗಿರುತ್ತವೆ. ಪೂರ್ವಕ್ಕೆ ಬಸ್ ಪ್ರಯಾಣ ದೀರ್ಘ, ಮೂರು ರಾತ್ರಿಗೆ ಅದು ಹೊರೆಯೇ. ಆದರೆ ಜುಲೈನಲ್ಲೇ ಮೀಟ್ ಆಗಬೇಕೆಂದು ಮೇಲಿನವರು ಹಟ ಹಿಡಿದಾಗ ನಾಲ್ಕರಲ್ಲಿ ಒಣ ಕರಾವಳಿ ನಂಬಿ ಹೋಗಬಹುದಾದ್ದು ಇದೊಂದೇ.

ಗುಂಡಿ ಎಲ್ಲಿ? ಮೊದಲನೆಯದು ಪೋಯಾ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಆ ದಿನ ಮದ್ಯ ಮಾರುವಂತಿಲ್ಲ. ಬೆಳದಿಂಗಳ ಬೀಚ್ ಪಾರ್ಟಿ ಅಂತ ಖುಷಿಯಿಂದ ಹುಣ್ಣಿಮೆಗೇ ದಿನ ಇಟ್ಟವರಿಗೆ ಬೆಳದಿಂಗಳು ಸಿಗುತ್ತದೆ, ಬಾರ್ ತೆರೆದಿರುವುದಿಲ್ಲ. ಮೇ ತಿಂಗಳ ವೆಸಾಕ್‌ಗೆ, ಅಂದರೆ ಬುದ್ಧ ಪೂರ್ಣಿಮೆಗೆ, ರಸ್ತೆಬದಿಯಲ್ಲಿ ಉಚಿತ ಊಟದ ದನ್ಸಲ್‌ಗಳು, ಲಾಟೀನು ನೋಡಲು ಬಂದ ಜನಸಾಗರ. ಬಸ್ಸು ಆಮೆಯಂತೆ ಹೋಗುತ್ತದೆ. ನೋಡಲು ಸೊಗಸು, ಕಾರ್ಯಕ್ರಮದ ಪಟ್ಟಿಗೆ ಮಾತ್ರ ಕಷ್ಟ.

ಎರಡನೆಯದು ಅಡುಗೆಮನೆಯಲ್ಲಿದೆ. ಊಟ ನಮಗೆ ಹತ್ತಿರದ್ದೇ: ತೆಂಗಿನಹಾಲಿನ ಪಲ್ಯ, ಬೇಳೆ, ಒತ್ತುಶಾವಿಗೆಯಂಥ ಇಂದಿ ಆಪ್ಪ, ಆಪ್ಪ. ಆದರೆ ಚಟ್ನಿಯಂಥ ತೆಂಗಿನ ಸಂಬಲಕ್ಕೆ, ಕೆಲವೊಮ್ಮೆ ತರಕಾರಿ ಪಲ್ಯಕ್ಕೂ, ಒಣಗಿಸಿದ ಟ್ಯೂನಾ ಮೀನಿನ ಚೂರು, ಅವರ ಮಾತಿನಲ್ಲಿ ಉಂಬಲಕಡ, ಬೀಳುತ್ತದೆ. ನಮ್ಮ ಒಗ್ಗರಣೆಗೆ ಇಂಗು ಇದ್ದಂತೆ ಅವರಿಗೆ ಅದು. ಬಡಿಸುವವರಿಗೆ ಅದು ಮಾಂಸಾಹಾರವೆಂದೇ ಅನಿಸದಿರಬಹುದು. 'ವೆಜ್' ಅಂತ ಬರೆದುಕೊಟ್ಟರೆ ಸಾಲದು. 'ಉಂಬಲಕಡ ಇಲ್ಲದೆ, ಮೀನಿನ ಸಾಸ್ ಇಲ್ಲದೆ, ಬೇರೆ ಸೌಟು' ಎಂದು ಮೆನು ಹಾಳೆಯಲ್ಲಿ ಬರೆಸಿ, ಮೊದಲ ದಿನದ ತಿಂಡಿಗೆ ಮುಂಚೆ ಮುಖ್ಯ ಬಾಣಸಿಗನ ಹತ್ತಿರ ಒಮ್ಮೆ ಬಾಯಲ್ಲೂ ಹೇಳಿ.

ಕಾಗದಪತ್ರ: ಮೀಟಿಂಗ್, ತರಬೇತಿ ಎಂದರೆ ಬಿಸಿನೆಸ್ ಉದ್ದೇಶದ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ತೆಗೆಸಬೇಕು, ಪ್ರವಾಸದ್ದಲ್ಲ. ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡಿಸುವ ವಾರದಲ್ಲೇ ನೋಡಿಕೊಳ್ಳಿ. ಅರವತ್ತು ಪಾಸ್‌ಪೋರ್ಟ್ ತರಿಸಿದಾಗ ಆರು ತಿಂಗಳೊಳಗೆ ಅವಧಿ ಮುಗಿಯುವವು ಒಂದೆರಡು ಇದ್ದೇ ಇರುತ್ತವೆ. ಆ ತಪಾಸಣೆ ಮೂರು ತಿಂಗಳು ಮೊದಲೇ ಆಗಬೇಕು.

ಮಾಲ್ಡೀವ್ಸ್

ಬಹುಮಾನವಾಗಿ ಕರೆದೊಯ್ಯಲು ಮಾಲ್ಡೀವ್ಸ್, ಕೂತು ಕೆಲಸ ಮಾಡಲು ಅಲ್ಲ. ವರ್ಷದ ಗುರಿ ದಾಟಿದ ಇಪ್ಪತ್ತು ಡೀಲರ್‌ಗಳಿಗೆ ಇದಕ್ಕಿಂತ ಮಿಗಿಲಾದ ಆಮಿಷ ಇಲ್ಲ. ವೀಸಾ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಐಮುಗಾ ಎಂಬ ಆನ್‌ಲೈನ್ ಫಾರಂ ಮಾತ್ರ ಪ್ರಯಾಣಕ್ಕೆ 96 ಗಂಟೆಯೊಳಗೆ ತುಂಬಬೇಕು. ಆ ಕೆಲಸಕ್ಕೆ ಒಬ್ಬರನ್ನು ಕೂರಿಸಿ, ಡೀಲರ್‌ಗಳ ಮೇಲೆ ಬಿಡಬೇಡಿ.

ಸೀಟಿನ ಲೆಕ್ಕ ಇಲ್ಲಿಯೂ ಬರುತ್ತದೆ. ದೂರದ ರೆಸಾರ್ಟ್‌ಗಳಿಗೆ ಹೋಗುವ ಸೀಪ್ಲೇನ್‌ನಲ್ಲಿ ಹದಿನೈದರ ಆಸುಪಾಸು ಸೀಟು, ಹಗಲು ಮಾತ್ರ ಹಾರಾಟ, ಲಗೇಜು ಸಾಮಾನ್ಯವಾಗಿ 20 ಕಿಲೊ ಜೊತೆಗೆ ಕೈಚೀಲ 5 ಕಿಲೊ. ಮಧ್ಯಾಹ್ನ ತಡವಾಗಿ ಇಳಿದ ಗುಂಪಿನ ಅರ್ಧ ಜನ ಆ ರಾತ್ರಿ ರಾಜಧಾನಿ ಮಾಲೆಯಲ್ಲೇ ಉಳಿಯಬೇಕಾಗುತ್ತದೆ. ಗುಂಪಿಗೆ ಉತ್ತರ ಅಥವಾ ದಕ್ಷಿಣ ಮಾಲೆ ಹವಳದ್ವೀಪಗಳ ಉಂಗುರದೊಳಗಿನ, ಸ್ಪೀಡ್‌ಬೋಟಿನಲ್ಲಿ ತಲುಪುವ ರೆಸಾರ್ಟೇ ಸರಿ.

ಬಿಲ್ಲನ್ನು ಹೀಗೆ ಓದಬೇಕು. ದರಪಟ್ಟಿಯಲ್ಲಿ 'ಪ್ಲಸ್ ಪ್ಲಸ್' ಎಂದಿದ್ದರೆ 10% ಸೇವಾ ಶುಲ್ಕ, ಅದರ ಮೇಲೆ 2025ರ ಜುಲೈಯಿಂದ 17% ಪ್ರವಾಸೋದ್ಯಮ ಜಿಎಸ್‌ಟಿ. 100 ಡಾಲರ್ ಎಂದದ್ದು 128 ದಾಟುತ್ತದೆ. ಜೊತೆಗೆ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ. ಅರವತ್ತು ಜನ, ಮೂರು ರಾತ್ರಿ ಅಂದರೆ 2,160 ಡಾಲರ್.

ಸಮಯವೂ ಎರಡು ಬಗೆ. ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಎಷ್ಟೋ ರೆಸಾರ್ಟ್‌ಗಳು ಅತಿಥಿಗಳಿಗೆ ಬೆಳಕು ಹೆಚ್ಚು ಸಿಗಲೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತವೆ. ಬೆಂಗಳೂರಿನಲ್ಲಿ 10 ಆದಾಗ ಮಾಲೆಯಲ್ಲಿ 9.30, ರೆಸಾರ್ಟ್‌ನಲ್ಲಿ 10.30. ವಾಪಸು ದೋಣಿಯ ಸಮಯ ಯಾವ ಗಡಿಯಾರದ್ದೆಂದು ಕೇಳದೆ ಪಟ್ಟಿಯಲ್ಲಿ ಹಾಕಬೇಡಿ.

ಉದ್ಘಾಟನೆಗೆಂದು ಗಣಪತಿ ವಿಗ್ರಹ ಒಯ್ಯುವುದು ನಮ್ಮಲ್ಲಿ ರೂಢಿ. ಮಾಲೆಯ ಕಸ್ಟಮ್ಸ್ ಪೂಜಾ ವಿಗ್ರಹಗಳನ್ನು ಒಳಗೆ ಬಿಡುವುದಿಲ್ಲ. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯೂ ಅಷ್ಟೇ. ರೆಸಾರ್ಟ್‌ನ ಬಾರಿನಲ್ಲಿ ಸಿಗುತ್ತದೆ, ಕೈಯಲ್ಲಿ ತರುವಂತಿಲ್ಲ.

ಬಾಲಿಯ ಬಗ್ಗೆಯೂ ಕೇಳುತ್ತಾರೆ. ನುಸಾ ದುವಾದ ಸಭಾಂಗಣಗಳು ಇವೆಲ್ಲಕ್ಕಿಂತ ದೊಡ್ಡ ಮಟ್ಟದವು, 2022ರ ಜಿ20 ಶೃಂಗಸಭೆ ನಡೆದದ್ದು ಅಲ್ಲೇ. ಆದರೆ ಅಷ್ಟು ದೂರ ಹಾರಿ, ಗಡಿಯಾರ ಎರಡೂವರೆ ಗಂಟೆ ಮುಂದಿಟ್ಟು ಮೂರೇ ರಾತ್ರಿಗೆ ಹೋಗುವುದು ದಂಡ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ತಂಗಲಾಗದು. ಮಣಿಪಾಲ ಅಥವಾ ಉಡುಪಿಯಲ್ಲಿ ಮೀಟಿಂಗ್ ಇಟ್ಟು ಅರ್ಧ ದಿನ ಹೋಗಿಬರಲು ಮಾತ್ರ ಸೊಗಸು.

ಹಾಗಾದರೆ ನಮ್ಮ ಅರವತ್ತು ಜನಕ್ಕೆ? ಎಲ್ಲರ ಪಾಸ್‌ಪೋರ್ಟ್ ಸರಿ ಇದ್ದರೆ ಶ್ರೀಲಂಕಾ, ಹುಣ್ಣಿಮೆ ತಪ್ಪಿಸಿ. ಐದಾರು ಜನರದ್ದು ಇಲ್ಲದಿದ್ದರೂ ಅಂಡಮಾನ್, ಫೆಬ್ರವರಿಯಲ್ಲಿ. ಅಂಡಮಾನ್‌ಗೆ ಹೋಗುವವರಿಗೆ ತೆರಿಗೆಯ ಒಂದು ಸೂಕ್ಷ್ಮ: ಹೋಟೆಲಿನಿಂದ ನೇರವಾಗಿ ಬಿಲ್ ಪಡೆದರೆ ಅಲ್ಲಿನ ಕೇಂದ್ರಾಡಳಿತ ಪ್ರದೇಶದ ಜಿಎಸ್‌ಟಿ ಬೀಳುತ್ತದೆ, ಕರ್ನಾಟಕದಲ್ಲಿ ನೋಂದಣಿಯಾದ ಕಂಪನಿಗೆ ಅದರ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗದು. ಕಾರ್ಯಕ್ರಮ ನಡೆಸಿಕೊಡುವ ಸಂಸ್ಥೆಯಿಂದ ಇಡೀ ಕಾರ್ಯಕ್ರಮಕ್ಕೆ ಒಂದೇ ಬಿಲ್ ಪಡೆದರೆ ಜಿಎಸ್‌ಟಿ ಲೆಕ್ಕದಲ್ಲಿ ಪೂರೈಕೆಯ ಸ್ಥಳ ನಿಮ್ಮ ನೋಂದಣಿಯ ಸ್ಥಳವೇ ಆಗುತ್ತದೆ, ಆ ತೊಡಕು ಇರುವುದಿಲ್ಲ. ಮುಂಗಡ ಕೊಡುವ ಮೊದಲೇ ನಿಮ್ಮ ಸಿಎ ಹತ್ತಿರ ಈ ಬಿಲ್ಲಿನ ಮಾದರಿ ತೋರಿಸಿ, ಫೆರ್ರಿ ರದ್ದಾದರೆ ಹ್ಯಾವ್ಲಾಕ್ ಕೋಣೆಗಳ ಹಣ ಯಾರ ತಲೆಗೆ ಎಂಬುದನ್ನೂ ಆ ಸಂಸ್ಥೆಯೊಂದಿಗಿನ ಒಪ್ಪಂದದಲ್ಲಿ ಬರೆಸಿಕೊಳ್ಳಿ.