ಹೊಸಪೇಟೆಯ ಹೋಟೆಲೊಂದರಲ್ಲಿ ಮೇ, ಆಗಸ್ಟ್, ಡಿಸೆಂಬರ್

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಯಂತ್ರ ಜೋಡಣೆಗೆಂದು ಬರುವ ವಿದೇಶಿ ಇಂಜಿನಿಯರುಗಳ ವಸತಿಯನ್ನು ನೋಡಿಕೊಳ್ಳುವ ಹೊಣೆ ನನ್ನದಾದ್ದರಿಂದ, ಹೊಸಪೇಟೆಯ ಮಧ್ಯಮ ದರ್ಜೆಯ ಹೋಟೆಲೊಂದರಲ್ಲಿ ಕಳೆದ ವರ್ಷ ಮೂರು ಬಾರಿ ಅವರ ಜೊತೆ ತಂಗಿದ್ದೆ. ಹಂಪಿ ಇಲ್ಲಿಂದ ಸುಮಾರು 13 ಕಿ.ಮೀ. ದೂರದಲ್ಲಿದೆ.

ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಹಂಪಿ ನೋಡಲು ಬರುವ ವಿದೇಶಿಯರು ಇರುವುದಿಲ್ಲವೆಂದೇ ಹೇಳಬಹುದು; ಹೋಟೆಲು ನಡೆಯುವುದು ಕಾರ್ಖಾನೆಯ ಅತಿಥಿಗಳಿಂದ. ಈ ಹೋಟೆಲಿನ ನಿಜವಾದ ಗುಣ ನನಗೆ ಕಂಡದ್ದು ಆಗಲೇ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಸಲ್ಲಿಸಬೇಕಾಗಿದ್ದ ಸಿ-ಫಾರ್ಮನ್ನು (ಅತಿಥಿಯ ವಾಸ್ತವ್ಯದ ಬಗ್ಗೆ ಸರ್ಕಾರಕ್ಕೆ ಕೊಡುವ ವರದಿ), ಎಷ್ಟೋ ಸಣ್ಣ ವಸತಿಗೃಹಗಳು ಗೊಡವೆಯೇ ಬೇಡವೆಂದು ಕೈಬಿಡುವ ಆ ಕೆಲಸವನ್ನು, ಇಲ್ಲಿನ ಸಿಬ್ಬಂದಿ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಮುಗಿಸಿದರು. ಭಾನುವಾರ ಬೆಳಗಿನ ಜಾವವೇ ಇಡ್ಲಿ ಕಟ್ಟಿಕೊಟ್ಟು, ಸೂರ್ಯೋದಯಕ್ಕೆ ಹೇಮಕೂಟ ತಲುಪುವಂತೆ ಆಟೊ ಗೊತ್ತುಮಾಡಿದರು.

ಯುರೋಪಿನ ಬೇಸಿಗೆ ರಜೆ ಆಗಸ್ಟಿನಲ್ಲಿ ಬರುವುದರಿಂದ, ನಮ್ಮಲ್ಲಿ ಮಳೆಗಾಲವಾದರೂ ಸ್ಪೇನ್ ಮತ್ತು ಇಟಲಿಯ ಕೆಲವು ಕುಟುಂಬಗಳು ಬಂದಿದ್ದವು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟು ಹಂಪಿಯ ಹೊಳೆದಂಡೆಯ ಪುರಂದರ ಮಂಟಪ ಮುಳುಗಿತ್ತು, ಹರಿಗೋಲುಗಳು ನಿಂತಿದ್ದವು. ಈ ಸಂಗತಿಯನ್ನು ಸಿಬ್ಬಂದಿ ಹಿಂದಿನ ಸಂಜೆಯೇ ತಿಳಿಸಿ, ಹೊಳೆಯಾಚೆಯ ಆನೆಗೊಂದಿಗೆ ಬುಕ್ಕಸಾಗರದ ಸೇತುವೆಯ ಮೂಲಕ ಕಾರು ಕಳುಹಿಸಿದರು.

ಡಿಸೆಂಬರಿನಲ್ಲಿ ಮಾತ್ರ ನನಗೆ ಬೇಸರವಾಯಿತು. ಚಳಿಗಾಲದ ಪ್ರವಾಸಿ ತಂಡಗಳ ಜೊತೆಗೆ ಸಾಣಾಪುರದ ಕಡೆ ಜಾಗ ಸಿಗದೆ ಬಂದಿದ್ದ ಬಂಡೆ ಹತ್ತುವ ತರುಣರೂ ಸೇರಿ, ಕೋಣೆಯ ಬಾಡಿಗೆ ಮೇ ತಿಂಗಳಿನದಕ್ಕಿಂತ ಎರಡೂವರೆ ಪಟ್ಟಾಗಿತ್ತು. ಬೇಡಿಕೆಯ ಕಾಲದಲ್ಲಿ ಬಾಡಿಗೆ ಏರುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಮೂರು ವಾರ ಮೊದಲೇ ಫೋನಿನಲ್ಲಿ ಕಾದಿರಿಸಿದ್ದ ನಮ್ಮ ಎರಡು ಕೋಣೆಗಳಲ್ಲಿ ಒಂದನ್ನು ಪ್ರವಾಸಿ ತಂಡಕ್ಕೆ ಕೊಟ್ಟದ್ದು ತಪ್ಪು. ಬೇಸಿಗೆಯಲ್ಲಿ ಖಾಲಿ ಕೋಣೆಗಳನ್ನು ತುಂಬಿದವರಿಗೆ ಚಳಿಗಾಲದಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತು. ರಾತ್ರಿ ಹತ್ತರವರೆಗೆ ಕಾದು, ನಮ್ಮಲ್ಲಿ ಕೆಲವರು ಬೇರೆ ಲಾಡ್ಜಿಗೆ ಹೋಗಬೇಕಾಯಿತು.

ಊಟೋಪಚಾರದಲ್ಲೂ ಬದಲಾವಣೆಯಿತ್ತು. ಮೇ ತಿಂಗಳಲ್ಲಿ ಬೆಳಗಿನ ತಿಂಡಿಗೆ ಕೊಡುತ್ತಿದ್ದ ಒಗ್ಗರಣೆ-ಮಿರ್ಚಿಯನ್ನು (ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ) ವಿದೇಶಿಯರು ತಿನ್ನುವುದಿಲ್ಲವೆಂದು ತೆಗೆದು, ತಣ್ಣಗಾದ ಟೋಸ್ಟ್ ಮತ್ತು ಕಾರ್ನ್‌ಫ್ಲೇಕ್ಸ್ ಇಟ್ಟಿದ್ದರು. ಮೇನಲ್ಲಿ ಒಗ್ಗರಣೆ-ಮಿರ್ಚಿಯ ರುಚಿ ಕಂಡಿದ್ದ ನಮ್ಮ ಜರ್ಮನ್ ಇಂಜಿನಿಯರರು ಮೊದಲ ದಿನವೇ ಅದನ್ನು ಕೇಳಿದರು. ಎದುರಿನ ಗಾಡಿಯಿಂದ ತರಿಸಿಕೊಟ್ಟೆ.

ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಕೆಲಸದ ಮೇಲೆ ಬರುವವರಿಗೆ ಈ ಹೋಟೆಲನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬರುವವರು ಮುಂಗಡ ಹಣ ಕಟ್ಟಿ, ಕಾದಿರಿಸಿದ್ದಕ್ಕೆ ರಸೀದಿಯನ್ನು ಲಿಖಿತವಾಗಿ ಪಡೆದ ಮೇಲೆಯೇ ಹೊರಡಬೇಕು.