ಯಾವ ಕಡೆ ತಿರುಗುವುದೋ ಮೋಟರಿಗೇ ಗೊತ್ತಿಲ್ಲ

ನನ್ನದು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಮೋಟರ್ ವೈಂಡಿಂಗ್ ಅಂಗಡಿ. 34 ವರ್ಷ ಆಯಿತು. ಬೋರ್‌ವೆಲ್ ಪಂಪು, ಮಿಕ್ಸಿ, ಫ್ಯಾನು, ಹಿಟ್ಟಿನ ಗಿರಣಿ ಮೋಟರು ಎಲ್ಲ ಬರುತ್ತವೆ. ಕಲೆಯ ಬಗ್ಗೆ ಬರೆಯುವ ಮನುಷ್ಯ ನಾನಲ್ಲ. ಆದರೆ ಧಾರವಾಡದಲ್ಲಿ ನೋಡಿದ ಒಂದು ಕಲಾ ಪ್ರದರ್ಶನದಲ್ಲಿ ಇದ್ದದ್ದೆಲ್ಲ ತಿರುಗುವ, ತೂಗುವ, ಕುಣಿಯುವ ಸಾಮಾನು. ಮೋಟರ್ ಇದ್ದ ಮೇಲೆ ನಾನೂ ಒಂದು ಮಾತು ಆಡಬಹುದು, ಅಲ್ವಾ?

ಕರೆದುಕೊಂಡು ಹೋದವಳು ಮೊಮ್ಮಗಳು. ಏಳನೇ ಕ್ಲಾಸು. ಪ್ರದರ್ಶನ ಪುಕ್ಕಟೆ. ಎರಡು ದಿನದ ಕಾರ್ಯಾಗಾರಕ್ಕೆ 600 ರೂಪಾಯಿ, ಮಕ್ಕಳ ಜೊತೆ ಬರುವ ದೊಡ್ಡವರಿಗೆ ಫೀ ಇಲ್ಲ. ಶನಿವಾರ ಬೆಳಿಗ್ಗೆ ಚಿಗರಿ ಬಸ್ ಹತ್ತಿದೆವು. ಹತ್ತು ಗಂಟೆ ಅಂದಿದ್ದು ಶುರುವಾಗಿದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ನಾನು ಒಂದು ಸುತ್ತು ನೋಡಿಕೊಂಡು ಬಂದೆ.

ಮೊದಲ ಕೋಣೆಯಲ್ಲಿ ಮಗ್ಗದ ಲಾಳಿಗಳು. ಗದಗ ಪಕ್ಕದ ನೇಕಾರರ ಊರು ಬೆಟಗೇರಿಯಿಂದ ತಂದ ಹಳೆಯ ಲಾಳಿ, ಕೈ ತಾಗಿ ತಾಗಿ ನುಣುಪಾದವು, ಒಟ್ಟು 24. ಒಂದೊಂದನ್ನೂ ತಂತಿಯಲ್ಲಿ ಇಳಿಬಿಟ್ಟಿದ್ದಾರೆ. ಮೇಲೆ ಉದ್ದನೆಯ ಒಂದು ಶಾಫ್ಟು, ಅದರ ಮೇಲೆ ಪ್ಲೈವುಡ್ ಕೊಯ್ದು ಮಾಡಿದ 24 ಕ್ಯಾಮ್, ಅಂದರೆ ಒಂದು ಬದಿ ಉಬ್ಬಿದ ಬಿಲ್ಲೆ, ತಿರುಗಿದ ಹಾಗೆ ತಂತಿಯನ್ನು ಎತ್ತಿ ಇಳಿಸುವಂಥದ್ದು. ಪ್ರತಿ ಕ್ಯಾಮನ್ನೂ ಹಿಂದಿನದಕ್ಕಿಂತ ಚೂರು ತಿರುಗಿಸಿ ಕೂಡಿಸಿದ್ದರಿಂದ ಲಾಳಿಗಳು ಒಂದರ ಹಿಂದೆ ಒಂದು ಏಳುತ್ತವೆ, ಇಳಿಯುತ್ತವೆ. ದೂರ ನಿಂತರೆ ಜೋಳದ ಹೊಲದಲ್ಲಿ ಗಾಳಿ ಹೋದ ಹಾಗೆ. ಓಡಿಸುತ್ತಿದ್ದದ್ದು ಕಾರಿನ ವೈಪರ್ ಮೋಟರು, 12 ವೋಲ್ಟಿನದು. ಒಳ್ಳೆಯ ಆಯ್ಕೆ. ಒಳಗೆ ವರ್ಮ್ ಗೇರ್, ಅಂದರೆ ಸ್ಕ್ರೂ ಥರದ ಹಲ್ಲುಚಕ್ರ, ಇರುವುದರಿಂದ ಭಾರ ಎಳೆಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಆದರೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ಷಿನ ಸದ್ದು ಜಾಸ್ತಿ. ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ದಿನಕ್ಕೆ ಎಂಟು ತಾಸು ಓಡಿಸುವ ಮೋಟರಲ್ಲ ಅದು. ಮಳೆ ನಿಂತ ಮೇಲೆ ವೈಪರ್ ಬಂದ್ ಮಾಡುತ್ತೇವಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ಕೋಣೆ. ನೆಲದ ಮೇಲೆ ಒಂಬತ್ತು ಸ್ಟೀಲ್ ತಾಟು. ಊಟ ಮಾಡಿ ಮಾಡಿ ಅಲ್ಲಲ್ಲಿ ತಗ್ಗು ಬಿದ್ದ ಮನೆ ತಾಟುಗಳು. ಪ್ರತಿ ತಾಟಿನ ಕೆಳಗೂ ಒಂದು ಪುಟ್ಟ ಮೋಟರು, ಮೈಕ್ರೋವೇವ್ ಓವನ್ನಿನಲ್ಲಿ ಗಾಜಿನ ತಟ್ಟೆ ತಿರುಗಿಸುತ್ತದಲ್ಲ, ಅದೇ. ನಿಮಿಷಕ್ಕೆ ಐದಾರು ಸುತ್ತು ಅಷ್ಟೇ. ಬದಿಯಿಂದ ದೀಪ. ತಾಟಿಗೆ ಬಿದ್ದ ಬೆಳಕು ಗೋಡೆ ಮೇಲೆ ಹರಿದಾಡುತ್ತದೆ, ತಗ್ಗು ಬಿದ್ದ ಕಡೆ ಚೂರಾಗುತ್ತದೆ, ಮತ್ತೆ ಕೂಡುತ್ತದೆ.

ನಾನು ನೋಡುತ್ತಿರುವಾಗಲೇ ಕರೆಂಟ್ ಹೋಯಿತು. ಎರಡು ನಿಮಿಷಕ್ಕೆ ಬಂತು. ಬಂದಾಗ ನಾಲ್ಕು ತಾಟು ಉಲ್ಟಾ ತಿರುಗುತ್ತಿದ್ದವು! ಪಕ್ಕದಲ್ಲಿದ್ದ ಒಬ್ಬ ಯಜಮಾನರು, "ಕಂಪ್ಯೂಟರಿನ್ಯಾಗ ಸೆಟ್ ಮಾಡಿರ್ತಾರ ನೋಡ್ರಿ" ಅಂದರು. ನನಗೆ ನಗು ತಡೆಯಲಿಲ್ಲ. ಅದು ಸಿಂಕ್ರೊನಸ್ ಮೋಟರು, ಕರೆಂಟಿನ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುವಂಥದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಸ್ವಿಚ್ ಬಿದ್ದ ಗಳಿಗೆಯಲ್ಲಿ ಒಳಗಿನ ಮ್ಯಾಗ್ನೆಟ್ ಹೇಗೆ ನಿಂತಿತ್ತೋ, ಯಾವ ಕಡೆಯ ಎಳೆತ ಮೊದಲು ಸಿಕ್ಕಿತೋ, ಆ ಕಡೆ ಹೊರಡುತ್ತದೆ. ಮನೆಯಲ್ಲಿ ಓವನ್ ಇದ್ದರೆ ನೋಡಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತದೆ.

ಇದು ಗೊತ್ತಿದ್ದೇ ಮಾಡಿದ್ದೋ, ಗೊತ್ತಿಲ್ಲದೆ ಆದದ್ದೋ ಅಂತ ಕಲಾವಿದೆಯನ್ನೇ ಕೇಳಿದೆ. ಗದಗ ಕಡೆಯ ಹುಡುಗಿ, ಬರೋಡಾದಲ್ಲಿ ಕಲಿತವಳು. "ಗೊತ್ತಿದ್ದ ತಂದೀನ್ರಿ ಕಾಕಾ. ಒಂದೇ ಕಡೆ ತಿರುಗೂ ಮೋಟರ್ ಸಿಗತಿದ್ವು, ನಾನ ಬ್ಯಾಡ ಅಂದೆ. ದಿನಾ ಬೆಳಿಗ್ಗೆ ಸ್ವಿಚ್ ಹಾಕಿದಾಗ ನನಗೂ ಹೊಸಾದು" ಅಂದಳು. ಗಿರಾಕಿಗಳು ನನ್ನ ಹತ್ತಿರ ತರುವ ದೂರನ್ನು ಇವಳು ದುಡ್ಡು ಕೊಟ್ಟು ಕೊಂಡಿದ್ದಾಳೆ. ನನಗೆ ಖುಷಿಯಾಯಿತು.

ಮೂರನೇ ಕೋಣೆ ವಿಡಿಯೋ. ಇದು ಸೋತಿತು, ತಪ್ಪು ಅವಳದಲ್ಲ. ಪಶ್ಚಿಮಕ್ಕೆ ದೊಡ್ಡ ಕಿಟಕಿ, ಅದಕ್ಕೆ ತೆಳು ಪರದೆ. ನೇಕಾರರ ಕೈಗಳ ಚಿತ್ರ ಹಗಲ ಬೆಳಕಿಗೆ ನೀರು ಹಾಕಿದ ಮಜ್ಜಿಗೆ ಆಗಿತ್ತು. ಕೂಡಲು ಒಂದು ಕುರ್ಚಿಯೂ ಇಲ್ಲ. 18 ನಿಮಿಷದ ವಿಡಿಯೋವನ್ನು ನಿಂತು ನೋಡಿ ಅಂದರೆ ನನ್ನ ಮೊಣಕಾಲು ಕೇಳಬೇಕಲ್ಲ. ಇನ್ನೊಂದು ದೂರು ದೊಡ್ಡದು. ಲಾಳಿ ಕೋಣೆಯ ಮೂಲೆಯಲ್ಲಿ 230 ವೋಲ್ಟಿನ ಕನೆಕ್ಟರ್ ಬಾಯಿ ತೆರೆದುಕೊಂಡು, ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿತ್ತು. ಅಲ್ಲಿನ ಹುಡುಗನಿಗೆ ಹೇಳಿದೆ. "ನೋಡ್ತೀವ್ರಿ" ಅಂದ. ನೋಡಲಿಲ್ಲ. ಕೊನೆಗೆ ನಾನೇ ಮೇನ್ ಆಫ್ ಮಾಡಿಸಿ, ಜೇಬಿನಲ್ಲಿದ್ದ ಟೇಪ್ ಸುತ್ತಿದೆ. ಟೇಪ್ ಇಲ್ಲದೆ ನಾನು ಮದುವೆಗೂ ಹೋಗುವುದಿಲ್ಲ.

ಕಾರ್ಯಾಗಾರಕ್ಕೆ ಕೊಟ್ಟ 600 ಮಾತ್ರ ವಸೂಲು. ಮೊದಲು ಅರ್ಧ ತಾಸು ಕಲಾವಿದೆಯ ಮಾತು. ಅಮೆರಿಕದ ಕಾಲ್ಡರ್ ಎನ್ನುವವರ ತೂಗಾಡುವ ಶಿಲ್ಪಗಳಿಗೆ 1931ರಲ್ಲಿ ಫ್ರಾನ್ಸಿನ ಕಲಾವಿದ ಮಾರ್ಸೆಲ್ ದ್ಯುಶಾಂಪ್ ಇಟ್ಟ ಹೆಸರು 'ಮೊಬೈಲ್' ಅಂದಳು. ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಅದೇ ಕಾಲ್ಡರ್ 1955ರಲ್ಲಿ ಅಹಮದಾಬಾದಿಗೆ ಬಂದು ಅಲ್ಲಿನ ಗಿರಣಿ ಮಾಲೀಕರಾದ ಸಾರಾಭಾಯಿ ಮನೆತನದವರ ಮನೆಯಲ್ಲಿದ್ದು ಕೆಲಸ ಮಾಡಿದ್ದರಂತೆ. 1960ರಲ್ಲಿ ಸ್ವಿಟ್ಜರ್ಲೆಂಡಿನ ಟ್ಯಾಂಗ್ಲಿ ಎನ್ನುವ ಕಲಾವಿದರು ನ್ಯೂಯಾರ್ಕಿನ ಮ್ಯೂಸಿಯಂ ಅಂಗಳದಲ್ಲಿ ತನ್ನನ್ನು ತಾನೇ ಹಾಳು ಮಾಡಿಕೊಳ್ಳುವ ಯಂತ್ರ ಕಟ್ಟಿ, ಜನ ಸೇರಿಸಿ ಓಡಿಸಿದರಂತೆ, ಅದು ಬೆಂಕಿ ಹೊತ್ತಿಕೊಂಡು ಮುರಿದುಬಿತ್ತಂತೆ. ನಮ್ಮ ಅಂಗಡಿಗೆ ವಾರಕ್ಕೆ ನಾಲ್ಕು ಮಷಿನ್ ತಾವಾಗಿಯೇ ಸುಟ್ಟುಕೊಂಡು ಬರುತ್ತವೆ, ಯಾರೂ ಚಪ್ಪಾಳೆ ತಟ್ಟಿಲ್ಲ.

ಆಮೇಲೆ ಕೈಕೆಲಸ. ಜೊಯಿಟ್ರೋಪ್. 1834ರಲ್ಲಿ ಇಂಗ್ಲೆಂಡಿನ ಹಾರ್ನರ್ ಮಾಡಿದ ಆಟದ ಸಾಮಾನು, ಸಿನಿಮಾಕ್ಕಿಂತ 60 ವರ್ಷ ಹಿಂದಿನದು. ದುಂಡು ಡಬ್ಬಿ, ಸುತ್ತಲೂ 12 ಸೀಳು, ಒಳಗೆ ಪಟ್ಟಿಯ ಮೇಲೆ 12 ಚಿತ್ರ. ಸೀಳಿಲ್ಲದೆ ಮೇಲಿಂದ ನೋಡಿದರೆ ಎಲ್ಲ ಕಲಸಿದ ಬಣ್ಣ. ಸೀಳಿನಲ್ಲಿ ಕಣ್ಣಿಟ್ಟರೆ ಒಂದೊಂದೇ ಚಿತ್ರ ಮಿಂಚಿ ಮಾಯವಾಗುತ್ತದೆ, ನಡುವೆ ಕತ್ತಲೆ, ಚಿತ್ರ ಓಡತೊಡಗುತ್ತದೆ. ಸೀಳು ಅಗಲವಾದರೆ ಮಸುಕು. ಮೊಮ್ಮಗಳು ಮೊದಲು ಬೆರಳಗಲ ಕೊಯ್ದಿದ್ದಳು, ಅದರ ಮೇಲೆ ಕಪ್ಪು ಕಾಗದ ಅಂಟಿಸಿ ಸಣ್ಣದು ಮಾಡಿಕೊಂಡಳು. ಅಂಟಿಸಲು 18 ಜನಕ್ಕೆ ಎರಡೇ ಗ್ಲೂ ಗನ್. ಪಾಳಿ ಹಚ್ಚಿ ನಿಂತಿದ್ದೆವು.

ಅವಳು ಬರೆದದ್ದು ಹಾವೇರಿ ಕಡೆಯ ಕೊಬ್ಬರಿ ಹೋರಿ. ಅಳಿಯನ ಊರು ಆ ಕಡೆ, ದೀಪಾವಳಿ ಆದಮೇಲೆ ಹೋರಿ ಹಬ್ಬ ನೋಡಿದ್ದಾಳೆ. ಕೊರಳಲ್ಲಿ ಕೊಬ್ಬರಿ ಸರ, ಕೋಡಿಗೆ ಬಲೂನು. ತಿರುಗಿಸಿದರೆ ಹೋರಿ ಚೆನ್ನಾಗಿಯೇ ಓಡಿತು. ಆದರೆ ಹನ್ನೆರಡನೇ ಚಿತ್ರಕ್ಕೂ ಮೊದಲನೆಯದಕ್ಕೂ ಕಾಲು ಕೂಡಲಿಲ್ಲ. ಪ್ರತಿ ಸುತ್ತಿಗೂ ಒಮ್ಮೆ ಮುಗ್ಗರಿಸುತ್ತಿತ್ತು. ಅಳುವ ಹಾಗಾದಳು. ಕಲಾವಿದೆ ಬಂದು ಕಣ್ಣಿಟ್ಟು ನೋಡಿ, "ಎಲ್ಲಾರ ಹೋರಿನೂ ಬರೇ ಓಡತಾವ. ನಿಂದು ಎಡವಿ ಎದ್ದು ಓಡತೈತಲ್ಲ ತಂಗಿ, ಇರಲಿ ಬಿಡು" ಅಂದಳು. ಆಮೇಲೆ ಮೊಮ್ಮಗಳು ಅದನ್ನು ತಿದ್ದಲು ಬಿಡಲೇ ಇಲ್ಲ.

ಮುಂದಿನ ವಾರ ಬೆಟಗೇರಿಯಲ್ಲಿ ಒಂದು ಸಂಜೆ, ಅದೇ ವಿಡಿಯೋವನ್ನು ನೇಕಾರರ ಓಣಿಯಲ್ಲೇ ತೋರಿಸುತ್ತೇವೆ ಅಂದಿದ್ದರು. ಸುಮ್ನೆ ಕುತೂಹಲಕ್ಕೆ ರೈಲು ಹತ್ತಿ ಹೋದೆ. ಹೋಗಿದ್ದು ಒಳ್ಳೆಯದಾಯಿತು. ಓಣಿಗೆ ಅಡ್ಡಲಾಗಿ ಬಣ್ಣ ಹಾಕದ ಬಟ್ಟೆ ಕಟ್ಟಿ, ಅದರ ಮೇಲೆ ಚಿತ್ರ ಬಿಟ್ಟಿದ್ದರು. ಕತ್ತಲೆಯಲ್ಲಿ ಅದೇ ಕೈಗಳು ಎಷ್ಟು ಚಂದ ಕಂಡವು ಅಂತೀರಿ! ಬಟ್ಟೆ ತೆಳು, ಎರಡೂ ಕಡೆ ಕಾಣುತ್ತಿತ್ತು, ಜನ ಎರಡೂ ಕಡೆ ಕೂತರು. ಐದು ನಿಮಿಷ ಆಗಿರಲಿಲ್ಲ, ಹಿಂಬದಿಯಿಂದ ಒಬ್ಬ ಹಿರಿಯ ನೇಕಾರರು ಎದ್ದು ನಿಂತು, "ಏ ಯವ್ವಾ, ನಾ ಏನ್ ಎಡಚ ಅದೀನೇನ?" ಅಂದರು. ಓಣಿಗೆ ಓಣಿಯೇ ನಕ್ಕಿತು. ಕುಣಿ ಮಗ್ಗದಲ್ಲಿ ಬಲಗೈಯಿಂದ ಹಗ್ಗ ಎಳೆದು ಲಾಳಿ ಓಡಿಸುವ ಮನುಷ್ಯ, ಬಟ್ಟೆಯ ಹಿಂದಿನಿಂದ ಕನ್ನಡಿಯೊಳಗಿನ ಹಾಗೆ ಎಡಗೈಯಲ್ಲಿ ಎಳೆಯುತ್ತಿದ್ದರು. ಪ್ರೊಜೆಕ್ಟರಿನ ಮೆನುವಿನಲ್ಲಿ ಚಿತ್ರದ ಎಡಬಲ ಅದಲುಬದಲು ಮಾಡಿದರು. ಈಗ ಮುಂದೆ ಕೂತವರ ತಕರಾರು. ಕಡೆಗೆ ಅಜ್ಜನೇ ಕುರ್ಚಿ ಎತ್ತಿಕೊಂಡು ಇನ್ನೊಂದು ಬದಿಗೆ ಹೋದರು, ಹಳೆಯ ಸೆಟ್ಟಿಂಗೇ ಇಟ್ಟರು.

ನೀವು ಹೋಗುವುದಾದರೆ ಪ್ರದರ್ಶನ ಈ ತಿಂಗಳ ಕೊನೆಯವರೆಗೆ ಇದೆ. ವಿಡಿಯೋ ಕೋಣೆಗೆ ಹೊತ್ತು ಮುಳುಗಿದ ಮೇಲೆ ಹೋಗಿ. ಬರಹದ ಫಲಕಗಳಲ್ಲಿ ಇಂಗ್ಲಿಷ್ ದೊಡ್ಡದು, ಕನ್ನಡ ಇರುವೆ ಸಾಲು, ಕನ್ನಡಕ ಮರೆಯಬೇಡಿ.

ನಿನ್ನೆ ಕಲಾವಿದೆ ನಮ್ಮ ಅಂಗಡಿಗೆ ಬಂದಿದ್ದಳು. ವೈಪರ್ ಮೋಟರು ಕೈಕೊಟ್ಟಿತ್ತು, ನಾನು ಹೇಳಿರಲಿಲ್ಲವೇ? ಬ್ರಷ್ ಹಾಕಿಕೊಟ್ಟೆ. ಹೋಗುವಾಗ ಮೂಲೆಯಲ್ಲಿದ್ದ, ಮೋಟರಿನೊಳಗೆ ತಿರುಗದೆ ನಿಲ್ಲುವ ತಾಮ್ರದ ಸುತ್ತಿನ ಸುಟ್ಟ ಸ್ಟೇಟರ್‌ಗಳನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು, ಕರಿ ಹಿಡಿದ ತಾಮ್ರವನ್ನು ಬೆರಳಲ್ಲಿ ತಿಕ್ಕುತ್ತಾ. ಆರು ಕೊಡಿ ಅಂದಳು. ಗುಜರಿ ರೇಟಿಗೇ ತೂಗಿ ಕೊಟ್ಟೆ.