ಸೊಂಟಕ್ಕೆ ಕಟ್ಟುವ ಚರ್ಮದ ಹೋಲ್‌ಸ್ಟರ್ (ರಿವಾಲ್ವರ್ ಇಡುವ ಚೀಲ): ಒಂದು ಮಳೆಗಾಲ ಕಳೆದ ಮೇಲೆ

ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ಬಟವಾಡೆ ದಿನ ದುಡ್ಡು ತರುವ ದಾರಿಯಲ್ಲಿ ಸುಮಾರು ದೂರ ಒಂದು ಮನೆಯೂ ಇಲ್ಲ. ಅದಕ್ಕೇ ರಿವಾಲ್ವರ್‌ಗೆ ಲೈಸೆನ್ಸ್ ಮಾಡಿಸಿದ್ದು. ಕೊಡಗಿನವರಿಗೆ ಲೈಸೆನ್ಸೇ ಬೇಡ ಅಲ್ವಾ ಅಂತ ಹೊರಗಿನವರು ಕೇಳುತ್ತಾರೆ. ಕೋವಿಗೆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ, ಈಗ 2029ರವರೆಗೆ ಮುಂದುವರಿಸಿದ್ದಾರೆ. ನಾನು ಎರಡೂ ಅಲ್ಲ.

9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ), ನಮಗೆ ಸಿಗುವುದಿಲ್ಲ. ಹಾಗಾಗಿ .32 ಬೋರಿನದು. ಪಿಸ್ತೂಲಿಗಿಂತ ರಿವಾಲ್ವರ್ ವಾಸಿ ಅನ್ನಿಸಿತು, ಒಂದು ತೋಟಾ ಹಾರದಿದ್ದರೆ ಕುದುರೆಯನ್ನು (ಟ್ರಿಗರ್) ಮತ್ತೆ ಎಳೆದರೆ ಮುಂದಿನದು ಬರುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಮಾಮೂಲಿ ರಿವಾಲ್ವರ್ ಸುಮಾರು 700 ಗ್ರಾಂ, ಅಲ್ಲಿಂದಲೇ 2014ರಲ್ಲಿ ಬಂದ ಹಗುರದ ನಿರ್ಭೀಕ್ ಸುಮಾರು 500. ಅಂಗಡಿಯಲ್ಲಿ ಹಿಡಿದಾಗ 200 ಗ್ರಾಂ ಏನು ಮಹಾ ಅಂದುಕೊಂಡು ಮಾಮೂಲಿಯದನ್ನೇ ತಂದೆ. ಬೆಳಗಿನಿಂದ ಸಂಜೆವರೆಗೆ ಸೊಂಟದಲ್ಲಿಟ್ಟುಕೊಂಡು ಜೀಪು ಓಡಿಸಿ ನೋಡಿ, ಆಗ ಗೊತ್ತಾಗುತ್ತದೆ.

ಈಗ ಹೋಲ್‌ಸ್ಟರ್ ವಿಷಯ. ಮೊದಲು ತಗೊಂಡಿದ್ದು ನೈಲಾನ್‌ದು, ಅಗ್ಗ. ರಿವಾಲ್ವರ್ ತೆಗೆದ ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದೇ ಕೈಯಲ್ಲಿ ವಾಪಸ್ ಇಡೋಕೆ ಆಗಲ್ಲ. ಇನ್ನೂ ಕೆಟ್ಟದ್ದು ಅಂದರೆ ಬಟ್ಟೆ ಎಷ್ಟು ತೆಳು ಅಂದರೆ ಹೊರಗಿನಿಂದ ಒತ್ತಿದರೆ ಕುದುರೆ ಬೆರಳಿಗೆ ಸಿಗುತ್ತಿತ್ತು. ಅದನ್ನು ಅವತ್ತೇ ಮೂಲೆಗೆ ಹಾಕಿದೆ.

ಆಮೇಲೆ ಕೋವಿ ಅಂಗಡಿಯೊಂದರಲ್ಲಿ ಈ ಚರ್ಮದ್ದು. ಪ್ಯಾಂಟಿನ ಒಳಗೆ ಸಿಕ್ಕಿಸುವ ಥರದ್ದು, ಮೇಲೆ ಗುಂಡಿ ಹಾಕುವ ಪಟ್ಟಿ ಇದೆ, ಕುದುರೆ ಪೂರ್ತಿ ಮುಚ್ಚುತ್ತದೆ. ಹೊಲಿಗೆ ಗಟ್ಟಿ. ಆದರೆ ಮಾಮೂಲಿ ಬೆಲ್ಟಿಗೆ ಇದು ನಿಲ್ಲುವುದಿಲ್ಲ, ಒಂದು ಕಡೆ ಜೋತು ಬೀಳುತ್ತದೆ. ದಪ್ಪ ಬೆಲ್ಟ್ ತಗೊಳ್ಳುವವರೆಗೆ ನಾನು ವಾಲಿಕೊಂಡೇ ನಡೆಯುತ್ತಿದ್ದೆ. ಪಕ್ಕದ ತೋಟದ ಮಾವ ಕಂಡವರೇ, 'ಏನೋ, ಸೊಂಟ ಹಿಡ್ಕೊಂಡಿದೆಯಾ?' ಅಂದರು. ಮುಚ್ಚಿಡುವ ಕಲೆ ಅಷ್ಟಕ್ಕೇ ಮುಗಿಯಿತು. ಅವರ ಮನೆಯಲ್ಲಿ ಕೊಡವರ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಎಲ್ಲರೆದುರು ಪೂಜೆ ಮಾಡುತ್ತಾರೆ. ಕೋವಿ ಅಂದರೆ ಹೆಗಲ ಮೇಲೆ ಎದ್ದು ಕಾಣಬೇಕಾದ್ದು, ಅಂಗಿಯೊಳಗೆ ಅಡಗಿಸಿಕೊಳ್ಳೋದು ಕಳ್ಳರ ಕೆಲಸ ಅನ್ನೋದು ಅವರ ವಾದ. ನಿಯಮ ಬೇರೆ ಹೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಾಲ್ಕು ಜನ ಓಡಾಡುವ ಕಡೆ ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು, ತೆಗೆದು ಝಳಪಿಸುವ ಹಾಗಿಲ್ಲ. ಮದುವೆ ಮನೆಯಲ್ಲಿ ಶೋಕಿ ಮಾಡುವವರು ಕೇಳಿಸಿಕೊಳ್ಳಿ.

ಜುಲೈ ಬಂತು ನೋಡಿ, ಬೂಷ್ಟು! ನಮ್ಮ ಮಳೆಗೆ ಚಪ್ಪಲಿಗೇ ಬೂಷ್ಟು ಬರುತ್ತೆ, ಇದಕ್ಕೆ ಬಿಡುತ್ತದೆಯೇ? ಅದಕ್ಕಿಂತ ಜಾಸ್ತಿ ಚಿಂತೆ ಅಂದರೆ, ರಾತ್ರಿ ಅದರೊಳಗೇ ಬಿಟ್ಟ ರಿವಾಲ್ವರಿನ ನಳಿಗೆ ಮೇಲೆ ತುಕ್ಕಿನ ಚುಕ್ಕಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ತಪ್ಪು ನನ್ನದೇ. ಈಗ ಮನೆಗೆ ಬಂದ ಕೂಡಲೇ ತೋಟಾ ತೆಗೆದು, ಒರೆಸಿ, ಎಣ್ಣೆ ಹಚ್ಚಿ ಬೇರೆ ಇಟ್ಟು ಬೀಗ ಹಾಕುತ್ತೇನೆ. ಹೋಲ್‌ಸ್ಟರ್ ಒಲೆ ಹತ್ತಿರ ಅಲ್ಲ, ಗಾಳಿಗೆ. ಒಲೆ ಮೇಲೆ ಒಣಗಿಸಿದರೆ ಚರ್ಮ ಬಿರುಕು ಬಿಡುತ್ತದೆ.

ಆನೆಗೆ ಉಪಯೋಗವಾಗುತ್ತಾ ಅಂತ ಕೇಳುವವರಿಗೆ: ಇಲ್ಲ ಸ್ವಾಮಿ. .32 ಗುಂಡಿಗೆ ಆನೆ ಸಿಟ್ಟಾಗುತ್ತದೆ ಅಷ್ಟೆ, ಮೇಲೆ ಕೇಸು ಬೇರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ದಪ್ಪ ಬೆಲ್ಟಿನ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಹೋಗಿ.